ಕೆಡವಿದವನೇ ಎಬ್ಬಿಸಬೇಕು

ನಮ್ಮ ವಿಶ್ವವಿದ್ಯಾಲಯದ ರಗ್ಬಿ ಕ್ಲಬ್ಬಿನ ಚರಿತ್ರೆ ಬರೆಯುವ ಕೆಲಸ ನನ್ನ ಕೊರಳಿಗೆ ಬಿದ್ದದ್ದು ನಾನು ದೊಡ್ಡ ಆಟಗಾರನಾಗಿದ್ದೆ ಎಂದಲ್ಲ. ನನಗಿಂತ ಚೆನ್ನಾಗಿ ಬಲ್ಲವರು ಇಬ್ಬರಿದ್ದರು. ಆದರೆ ಅವರಿಬ್ಬರೂ ಮಾತು ಬಿಟ್ಟು ಮೂವತ್ತು ವರ್ಷದ ಮೇಲಾಗಿತ್ತು. ಮಲ್ಲನಗೌಡನನ್ನು ಕೇಳಿದರೆ ವೆಂಕೋಬನ ಹೆಸರೇ ಇಲ್ಲದ ಚರಿತ್ರೆ ಹೇಳುತ್ತಿದ್ದ. ವೆಂಕೋಬನನ್ನು ಕೇಳಿದರೆ ನಕ್ಕು, ಚಹಾ ತರಿಸಿ, ಹವಾಮಾನದ ಮಾತು ತೆಗೆಯುತ್ತಿದ್ದ. ಇಬ್ಬರ ಜೊತೆಗೂ ಚಹಾ ಕುಡಿಯುವವನು ನಾನೊಬ್ಬನೇ ಉಳಿದಿದ್ದೆ. ಕ್ಲಬ್ಬಿಗೆ ಐವತ್ತು ತುಂಬುವ ಹಬ್ಬ ಭಾನುವಾರ ಇತ್ತು, ಮರುದಿನ ಸೋಮವಾರ ವೆಂಕೋಬ ಊರು ಬಿಟ್ಟು ಹೋಗುವವನಿದ್ದ. ಇವರಿಬ್ಬರೂ ಒಂದು ಮಾತನ್ನೂ ಆಡದೆ ಹೀಗೇ ದೂರವಾಗಿಬಿಟ್ಟರೆ ಎಂಬ ಸಂಕಟ ನನಗೆ ಊಟ ಸೇರದ ಹಾಗೆ ಮಾಡಿತ್ತು.

ನಮ್ಮ ಊರಿನ ರೀತಿ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಇಲ್ಲಿ ಒಮ್ಮೆ ಬೆನ್ನೋ ಹೊಟ್ಟೆಯೋ ಪಕ್ಕೆಯೋ ನೆಲಕ್ಕೆ ತಾಗಿತೆಂದರೆ ಮನುಷ್ಯ ತಾನಾಗಿ ಏಳಲಾರ. ನಿಂತವರು ಯಾರಾದರೂ ಕೈ ಚಾಚಿ ಎಬ್ಬಿಸಬೇಕು. ಇಬ್ಬರು ಬಿದ್ದರೆ ಒಬ್ಬರನ್ನೊಬ್ಬರು ಎಬ್ಬಿಸಲಿಕ್ಕೂ ಬರುವುದಿಲ್ಲ, ಮೂರನೆಯವರೇ ಬೇಕು. ಅದಕ್ಕೇ ನಮ್ಮ ಪೇಟೆಯಲ್ಲಿ ಚಾಪೆ ಮಾರುವ ಅಂಗಡಿ ಇಲ್ಲ, ಮಂಚ ಮಾರುವವರು ಮಾತ್ರ ಓಣಿಗೊಬ್ಬರು ಇದ್ದಾರೆ. ಕಳ್ಳರು ಕೂಡ ಜೋಡಿಯಾಗಿಯೇ ಬರುತ್ತಾರೆ. ಅಳಿಯ ಸಾಷ್ಟಾಂಗ ಹಾಕಿದಾಗ ಕೈ ನೀಡಲು ತಡಮಾಡಿ, ಮಗಳಿಗೆ ಹೊಲಿಗೆ ಯಂತ್ರ ಕೊಡಿಸುತ್ತೇನೆಂದು ಬಾಯಿಬಿಡಿಸಿಕೊಂಡ ಮಾವಂದಿರನ್ನು ನಾನು ಕಂಡಿದ್ದೇನೆ. ನನ್ನ ಮಾವನೇ ಅವರಲ್ಲೊಬ್ಬ. ಕೋರ್ಟಿನಲ್ಲಿ ಜಮೀನಿಗಾಗಿ ಹೊಡೆದಾಡುವ ದಾಯಾದಿಗಳು ಮೆಟ್ಟಿಲ ಬಳಿ ಜಾರಿ ಬಿದ್ದ ಎದುರಾಳಿಯನ್ನು ಎಬ್ಬಿಸಿ, ಧೂಳು ಕೊಡವಿ, ಮತ್ತೆ ಒಳಗೆ ಹೋಗಿ ಬೈದಾಡುವುದು ನಮಗೆ ವಿಶೇಷವಲ್ಲ. ಒಬ್ಬಂಟಿಯಾಗಿ ಯಾರೂ ಮನೆ ಮಾಡಬಾರದೆಂದು ಪುರಸಭೆಯ ಕಾಯಿದೆಯೇ ಇದೆ. ಪ್ರತಿಯೊಬ್ಬರಿಗೂ ಒಬ್ಬ ಕೈಜೋಡಿ ಇರಲೇಬೇಕು. ಗಂಡನಿಗೆ ಹೆಂಡತಿ, ಅಕ್ಕನಿಗೆ ತಂಗಿ, ಹಾಸ್ಟೆಲಿನ ಹುಡುಗನಿಗೆ ಅದೇ ಕೋಣೆಯ ಇನ್ನೊಬ್ಬ ಹುಡುಗ.

ಇಂಥ ಊರಿಗೆ ರಗ್ಬಿ ತಂದವರು ಭೂಗರ್ಭಶಾಸ್ತ್ರದ ಪ್ರೊಫೆಸರ್ ಕೊಪ್ಪರದ ಅವರು. ಯಾವುದೋ ದೇಶಕ್ಕೆ ಕಲ್ಲು ನೋಡಲು ಹೋದವರು ಬರುವಾಗ ಮೊಟ್ಟೆಯಾಕಾರದ ಚೆಂಡೊಂದನ್ನು ಟ್ರಂಕಿನಲ್ಲಿ ಹಾಕಿಕೊಂಡು ಬಂದರು. ಚೆಂಡನ್ನು ಕೈಯಲ್ಲಿ ಹಿಡಿದು ಮುಂದಕ್ಕೆ ಓಡಿ ಎದುರಿನವರ ಕೊನೆಯ ಗೆರೆಯಾಚೆ ನೆಲಕ್ಕೆ ಊರಬೇಕು, ಜೊತೆಗಾರನಿಗೆ ಕೈಯಿಂದ ಕೊಡುವಾಗ ಹಿಂದಕ್ಕೇ ಕೊಡಬೇಕು, ಎದುರಿನವರು ತೆಕ್ಕೆಹಾಕಿ ಕೆಡವುತ್ತಾರೆ ಎಂದು ವಿವರಿಸಿದಾಗ ವಿದ್ಯಾರ್ಥಿಗಳಿಗಿಂತ ಮೊದಲು ಅವರ ತಾಯಂದಿರು ಹೌಹಾರಿದರು. ಬಿದ್ದರೆ ಏಳಲಾಗದ ಊರಿನಲ್ಲಿ ಬೀಳುವುದನ್ನೇ ಆಟ ಮಾಡುವುದೆಂದರೆ ಏನು! ಅವರಿಗೆ ತಲೆ ಕೆಟ್ಟಿದೆ ಎಂದು ಕುಲಪತಿಗಳಿಗೆ ದೂರು ಹೋಯಿತು. ಕೊಪ್ಪರದ ಮಾಸ್ತರರು ಜಗ್ಗಲಿಲ್ಲ. "ಬಿದ್ದವನ್ನ ಎಬ್ಬಸಾಕ ನಮ್ಮಷ್ಟು ರೂಢಿ ಇದ್ದವರು ಲೋಕದಾಗ ಯಾರದಾರ್ರಿ? ಈ ಆಟ ಹುಟ್ಟಿದ್ದ ನಮ್ಮ ಸಲುವಾಗಿ" ಎಂದು ವಾದಿಸಿ, ಗ್ರಂಥಾಲಯದ ಹಿಂದಿನ ಮೆತ್ತಗಿನ ಹುಲ್ಲುಗಾವಲನ್ನು ಕ್ಲಬ್ಬಿಗೆ ಕೊಡಿಸಿಕೊಂಡರು.

ಲೋಕದ ನಿಯಮಗಳ ಮೇಲೆ ಅವರು ಒಂದೇ ಒಂದು ನಿಯಮ ಸೇರಿಸಿದರು. ಕೆಡವಿದವನೇ ಎಬ್ಬಿಸಬೇಕು. ತೆಕ್ಕೆಹಾಕಿದವನೂ ಸಾಮಾನ್ಯವಾಗಿ ಜೊತೆಗೇ ಬೀಳುತ್ತಾನಲ್ಲ, ಮೊದಲು ಅವನನ್ನು ಅವನ ಕಡೆಯವರು ಎಬ್ಬಿಸಬೇಕು, ಆಮೇಲೆ ಅವನು ತಾನು ಕೆಡವಿದವನಿಗೆ ಕೈ ನೀಡಬೇಕು. ಅವನಿರುವಾಗ ಬೇರೆ ಯಾರೂ ನೀಡುವಂತಿಲ್ಲ. ಹೀಗಾಗಿ ನಮ್ಮ ಆಟ ನಿಧಾನ. ಮಧ್ಯಾಹ್ನ ಊಟ ಮುಗಿಸಿ ಶುರು ಮಾಡಿದರೆ ದನ ಮನೆಗೆ ಬರುವ ಹೊತ್ತಿಗೆ ಮುಗಿಯುತ್ತಿತ್ತು. ದೂರದಿಂದ ನೋಡಿದವರಿಗೆ ಭತ್ತದ ನಾಟಿ ಮಾಡುತ್ತಿದ್ದಾರೇನೋ ಅನ್ನಿಸಬೇಕು, ಹಾಗೆ ಬಗ್ಗುತ್ತ ಏಳುತ್ತ ಇರುತ್ತಿದ್ದೆವು. ಆದರೆ ಆ ಮೈದಾನದಲ್ಲಿ ಹಗೆ ಅನ್ನುವುದೇ ಇರಲಿಲ್ಲ. ಮೈಮುರಿಯುವಂತೆ ಕೆಡವಿದವನ ಅಂಗೈಯನ್ನೇ ಹಿಡಿದು ಎದ್ದಮೇಲೆ ಅವನ ಮೇಲೆ ಎಷ್ಟು ಹೊತ್ತು ಸಿಟ್ಟು ಮಾಡಿಕೊಂಡಿರಲಾಗುತ್ತದೆ?

ನಾನು ಕ್ಲಬ್ಬು ಸೇರಿದಾಗ ಮಲ್ಲನಗೌಡ ನಾಯಕ. ಎತ್ತಿನಂಥ ಆಳು, ಕಾನೂನು ಓದುತ್ತಿದ್ದ, ನಿಯಮ ಅಂದರೆ ನಿಯಮ. ವೆಂಕೋಬ ಅವನ ಕೈಜೋಡಿ. ತೆಳ್ಳಗಿನ ಆಸಾಮಿ, ಸಂಸ್ಕೃತ ಎಂ.ಎ., ಓಡತೊಡಗಿದರೆ ಅವನನ್ನು ಮುಟ್ಟುವವರಿರಲಿಲ್ಲ. ನನ್ನ ಹೆಸರು ದತ್ತಾತ್ರೇಯ. ಎರಡೂ ಕಡೆಯ ದೊಡ್ಡ ಆಳುಗಳು ಹೆಗಲಿಗೆ ಹೆಗಲು ಕೊಟ್ಟು ನೂಕಾಡುವಾಗ ಅವರ ಕಾಲಡಿ ಚೆಂಡು ಉರುಳಿಸಿ, ಹಿಂದಿನಿಂದ ಹೆಕ್ಕಿಕೊಳ್ಳಲು ಗಿಡ್ಡನೊಬ್ಬ ಬೇಕಾಗುತ್ತಾನೆ, ಆ ಗಿಡ್ಡ ನಾನು. ನಾನು ಹೆಕ್ಕಿ ಕೊಡುವುದು, ಗೌಡ ಇಬ್ಬರನ್ನು ಎಳೆದುಕೊಂಡು ನುಗ್ಗಿ ಚೆಂಡನ್ನು ಹಿಂದಕ್ಕೆ ಕೊಡುವುದು, ವೆಂಕೋಬ ಹಾರುವುದು. ಇದು ನಮ್ಮ ಕ್ಲಬ್ಬಿನ ಚಿನ್ನದ ಕಾಲ. ಅವರಿಬ್ಬರೂ ಒಂದೇ ಕೋಣೆ, ಒಂದೇ ಸೈಕಲ್ಲು, ಮೆಸ್ಸಿನಲ್ಲಿ ಒಂದೇ ತಟ್ಟೆ ಅಂದರೂ ನಡೆಯುತ್ತಿತ್ತು. ವೆಂಕೋಬನ ಮಡಿಯ ಸೋದರತ್ತೆ ಹಾಸ್ಟೆಲಿಗೆ ಬಂದಾಗ ಗೌಡ ತನ್ನ ಖಾರದ ಡಬ್ಬಿ, ಒಣಮೀನು ಎಲ್ಲ ನನ್ನ ಕೋಣೆಗೆ ಸಾಗಿಸಿ, ಅವಳೆದುರು ಹೂವಿನಂತೆ ಕೂತಿರುತ್ತಿದ್ದ. ಅದನ್ನು ನೆನೆದರೆ ಈಗಲೂ ನಗು ಬರುತ್ತದೆ.

ಆ ವರ್ಷ ನದಿಯಾಚೆಯ ದೊಡ್ಡ ವಿಶ್ವವಿದ್ಯಾಲಯದ ತಂಡವನ್ನು ಗೌಡ ನಮ್ಮ ಊರಿಗೆ ಕರೆಸಿದ. ಸುಮ್ಮನೆ ಕರೆಸಿದ್ದಲ್ಲ. ಗ್ರಂಥಾಲಯದ ಹಿಂದಿನ ಜಾಗದಲ್ಲಿ ಪರೀಕ್ಷಾ ಭವನ ಕಟ್ಟಬೇಕೆಂದು ಹೊಸ ಕುಲಪತಿಗಳು ಹೊರಟಿದ್ದರು. "ಈ ಪಂದ್ಯ ಗೆದ್ದು ತೋರಿಸ್ರಿ, ಮೈದಾನ ನಿಮ್ಮದು. ಸೋತರ ಕಲ್ಲುಗಣಿ ಕಡೆ ಹೋಗ್ರಿ" ಎಂದು ಅವರು ಸಭೆಯಲ್ಲೇ ಹೇಳಿಬಿಟ್ಟಿದ್ದರು. ಬಂದವರಿಗೆ ನಮ್ಮ ಊರಿನ ವಿಷಯ ಮೊದಲೇ ಹೇಳಿದ್ದೆವು, ಅವರು ಹಳ್ಳಿಗರ ತಮಾಷೆ ಎಂದುಕೊಂಡು ನಕ್ಕಿದ್ದರು. ಮೊದಲ ಸಲ ಬಿದ್ದಾಗ ಅವರ ಮುಖ ನೋಡಬೇಕಿತ್ತು! ಆದರೆ ಆಟದಲ್ಲಿ ಪಳಗಿದವರು, ಬೇಗ ಹೊಂದಿಕೊಂಡರು. ಕೊನೆಯ ಘಳಿಗೆಯಲ್ಲಿ ಎರಡೇ ಅಂಕ ನಮಗಿಂತ ಮುಂದಿದ್ದರು.

ಆಗ ನಾನು ಹೆಕ್ಕಿದೆ, ಗೌಡ ನುಗ್ಗಿದ, ವೆಂಕೋಬನ ಕೈಗೆ ಚೆಂಡು ಬಂತು. ಅವನೆದುರು ಉಳಿದಿದ್ದವನು ಅವರ ಕಡೆಯ ಕೊನೆಯ ಆಟಗಾರನೊಬ್ಬನೇ, ಇನ್ನೂ ಮೀಸೆ ಮೂಡದ ಹುಡುಗ, ಯಾರದೋ ಬದಲಿಗೆ ಆಗಷ್ಟೇ ಇಳಿದಿದ್ದ. ವೆಂಕೋಬ ಅವನ ಎದೆಗೆ ಕೈಕೊಟ್ಟು ನೂಕಿದ, ಅವನು ಬೆನ್ನಮೇಲೆ ಬಿದ್ದ. ಗೆರೆ ಇನ್ನೇನು ಅಲ್ಲೇ ಇತ್ತು. ಇಡೀ ಊರು ಎದ್ದು ನಿಂತಿತ್ತು. ಬಿದ್ದ ಹುಡುಗ ಏಳಲು ನೋಡಿದ, ಆಗಲಿಲ್ಲ. ಇಷ್ಟು ಹೊತ್ತೂ ಹೊರಗೆ ಕೂತಿದ್ದವನಿಗೆ ಅದು ಏನೆಂದು ಮೈಯಲ್ಲಿ ಗೊತ್ತಿರಲಿಲ್ಲ. ಬೆನ್ನುಮೂಳೆ ಮುರಿಯಿತೆಂದು ಹೆದರಿ "ಅವ್ವಾ" ಎಂದು ಚೀರಿ, ಕೈ ಮೇಲಕ್ಕೆ ಚಾಚಿದ. ವೆಂಕೋಬ ನಿಂತ. ತಿರುಗಿದ. ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡೇ ಹಿಂದಕ್ಕೆ ಬಂದು ಹುಡುಗನ ಕೈ ಹಿಡಿದು ಎಬ್ಬಿಸಿದ. ಅಷ್ಟರಲ್ಲಿ ಅವರ ಕಡೆಯವನೊಬ್ಬ ಓಡಿಬಂದು ಕಂಕುಳಿನ ಚೆಂಡನ್ನು ಕಸಿದುಕೊಂಡ. ಹೊತ್ತು ಮುಗಿಯಿತೆಂದು ತೀರ್ಪುಗಾರ ಸೀಟಿ ಊದಿದ. ನಾವು ಸೋತೆವು.

ಗೌಡ ಮೈದಾನದ ನಡುವೆಯೇ ವೆಂಕೋಬನ ಅಂಗಿ ಹಿಡಿದ. "ಗೆರಿ ದಾಟಿ ಚೆಂಡು ಊರಿ ಬಂದು ಎಬ್ಬಸಿದ್ರ ಅವ ಸಾಯ್ತಿದ್ನೇನಲೇ?"

"ಅಂವ ಹೆದರಿದ್ದ, ಮಲ್ಲಣ್ಣ. ಕೈ ಚಾಚಿದ್ದ. ನಾ ನೋಡಿಬಿಟ್ಟೆ."

"ನಾನೂ ಕೈ ಚಾಚಿದ್ದೆ! ನನ್ನ ಕ್ಲಬ್ಬಿಗೆ ಅಂತ ಈ ಮೈದಾನ ಬೇಡಿದ್ದೆ. ಅದು ಕಾಣ್ಲಿಲ್ಲ ನಿನಗ!"

"ಕೆಡವಿದಂವನ ಎಬ್ಬಿಸಬೇಕು ಅಂತ ದಿನಾ ಹೇಳಿಕೊಟ್ಟಂವ ನೀನ ಅಲ್ಲೇನು?"

ಈ ಕೊನೆಯ ಮಾತೇ ಕೆಡಿಸಿದ್ದು ಅಂತ ನನಗೆ ಅನ್ನಿಸುತ್ತದೆ. ಸುಳ್ಳು ಮಾತಾಗಿದ್ದರೆ ಗೌಡ ಒಂದು ವಾರ ಬೈದು ಸುಮ್ಮನಾಗುತ್ತಿದ್ದ. ನಿಜವಾಗಿತ್ತು, ಅದನ್ನು ನುಂಗಲಿಕ್ಕೆ ಅವನಿಂದ ಆಗಲಿಲ್ಲ. ಮರುದಿನ ವಾರ್ಡನ್ನರ ಹತ್ತಿರ ಹೋಗಿ ತನಗೆ ಬೇರೆ ಕೈಜೋಡಿ ಬೇಕೆಂದ. ನಮ್ಮ ಊರಿನಲ್ಲಿ ಹಾಗೆ ಕೇಳುವುದು ಎಂಥ ಅವಮಾನವೆಂದು ಹೊರಗಿನವರಿಗೆ ತಿಳಿಯುವುದಿಲ್ಲ. ವಾರ್ಡನ್ನರು ತಾವೇ ತಪ್ಪು ಮಾಡಿದವರ ಹಾಗೆ ತಲೆ ತಗ್ಗಿಸಿದರಂತೆ. ನನ್ನ ಕೋಣೆಯ ಹುಡುಗ ಗೌಡನ ಕೋಣೆಗೆ ಹೋದ, ವೆಂಕೋಬ ಹಾಸಿಗೆ ಸುತ್ತಿಕೊಂಡು ನನ್ನ ಕೋಣೆಗೆ ಬಂದ. ಒಣಮೀನಿನ ವಾಸನೆ ಇನ್ನೂ ಅದ ನೋಡು ಎಂದು ಒಂದು ಸಲ ಅಂದ, ಅಷ್ಟೇ.

ಕ್ಲಬ್ಬು ಕಲ್ಲುಗಣಿಯ ಪಕ್ಕದ ಬಯಲಿಗೆ ಹೋಯಿತು. ಪ್ರತಿ ಆಟಕ್ಕೆ ಮುಂಚೆ ಕಲ್ಲು ಹೆಕ್ಕಬೇಕು, ಹೆಕ್ಕಿದಷ್ಟೂ ಹುಟ್ಟುತ್ತಿದ್ದವು. ಅಲ್ಲೂ ನಾವು ಆಡಿದೆವು. ಗೌಡ ಕಾನೂನು ಕಾಲೇಜಿನಲ್ಲಿ ಮಾಸ್ತರನಾದ, ಮದುವೆ ಆಗಲಿಲ್ಲ, ಕಾಗದದ ಮೇಲೆ ತಮ್ಮನೇ ಕೈಜೋಡಿ, ಅವನ ಮನೆಯ ಮಾಳಿಗೆಯಲ್ಲಿ ಒಂದು ಕೋಣೆ, ಒಂದು ಮಂಚ. ವೆಂಕೋಬ ಹೈಸ್ಕೂಲಿನಲ್ಲಿ ಸಂಸ್ಕೃತ ಹೇಳಿಕೊಟ್ಟ, ಶಾರದೆ ಎಂಬ ಹಾಡುಗಾರ್ತಿಯನ್ನು ಮದುವೆಯಾದ. ಪ್ರತಿ ವರ್ಷ ಹಳೆಯ ಆಟಗಾರರ ಪಂದ್ಯಕ್ಕೆ ಇಬ್ಬರೂ ತಪ್ಪದೆ ಬರುತ್ತಿದ್ದರು. ಅವರಿಬ್ಬರನ್ನೂ ಒಂದೇ ಕಡೆಗೆ ಹಾಕುವುದು ನಮ್ಮೊಳಗೆ ಬಾಯಿಬಿಟ್ಟು ಹೇಳದ ಪದ್ಧತಿಯಾಗಿತ್ತು. ಒಂದೇ ಕಡೆ ಇದ್ದರೆ ಒಬ್ಬರನ್ನೊಬ್ಬರು ಕೆಡವುವ ಪ್ರಶ್ನೆ ಇಲ್ಲ, ಕೈ ಹಿಡಿಯುವ ಪ್ರಶ್ನೆಯೂ ಇಲ್ಲ. ಗೌಡ ಚೆಂಡನ್ನು ಹಿಂದಕ್ಕೆ ಕೊಡುತ್ತಿದ್ದ, ತಿರುಗಿ ನೋಡುತ್ತಿರಲಿಲ್ಲ. ವೆಂಕೋಬ ಅದನ್ನು ಹಿಡಿಯುತ್ತಿದ್ದ. ಅಷ್ಟು ವರ್ಷ ಅವರ ನಡುವೆ ಇದ್ದದ್ದು ಅದೊಂದೇ ವ್ಯವಹಾರ.

ಕಳೆದ ವರ್ಷ ಶಾರದೆ ತೀರಿಕೊಂಡಳು. ಮಕ್ಕಳಿಲ್ಲ. ಪುರಸಭೆಯವರು ಮರ್ಯಾದೆಯಿಂದಲೇ ಬಂದು, ಒಂದು ವರ್ಷದೊಳಗೆ ಕೈಜೋಡಿ ಮಾಡಿಕೊಳ್ಳಿ, ಇಲ್ಲವಾದರೆ ಊರ ಹೊರಗೆ ಎಲ್ಲಾದರೂ ನೆಂಟರ ಮನೆ ನೋಡಿಕೊಳ್ಳಿ ಎಂದರು. ನಾನೂ ನನ್ನ ಹೆಂಡತಿ ಇಂದುಮತಿಯೂ ಎಷ್ಟು ಕರೆದೆವು! "ನಿಮ್ಮ ಜೋಡಿ ಚಲೋ ಅದ, ಅದರಾಗ ನಾ ಮೂರನೇದಂವ ಯಾಕ" ಎಂದು ನಕ್ಕುಬಿಟ್ಟ. ಅವನ ಸೋದರಿ ನದಿಯ ಸೇತುವೆಯಾಚೆ, ಎರಡು ಊರು ದಾಟಿ ಇದ್ದಳು. ಸೋಮವಾರದ ಬಸ್ಸಿಗೆ ಹೋಗುವುದೆಂದು ನಿಶ್ಚಯವಾಯಿತು. ಗೌಡನಿಗೆ ನಾನು ಇದನ್ನು ಹೇಳಿದೆ. ಅವನು ಚಹಾ ಬಟ್ಟಲನ್ನು ಕೆಳಗಿಟ್ಟು, "ಸೇತುವೆ ಆಚೆ ಬಿದ್ದರ ತಾನ ಏಳಬಹುದು. ಅವನಿಗೆ ಅನುಕೂಲ ಆತು ಬಿಡು" ಎಂದ. ಅವತ್ತು ನಾನು ಅವನ ಮೇಲೆ ಸಿಟ್ಟಾಗಿ ಚಹಾ ಅರ್ಧಕ್ಕೇ ಬಿಟ್ಟು ಬಂದೆ.

ಭಾನುವಾರ ಬಂತು. ಈಗಿನ ವಿದ್ಯಾರ್ಥಿ ತಂಡದ ನಾಯಕಿ ರುಕ್ಸಾನಾ. ಚುರುಕು ಹುಡುಗಿ, ಈಚಿನ ವರ್ಷಗಳಲ್ಲಿ ಕ್ಲಬ್ಬನ್ನು ಹೆಣ್ಣುಮಕ್ಕಳೇ ಬದುಕಿಸಿದ್ದಾರೆ. ಹಳೆಯ ಜಗಳದ ಸುದ್ದಿ ಅವಳಿಗೆ ಗೊತ್ತಿರಲಿಲ್ಲ. ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಒಮ್ಮೆ ನೋಡಿ, "ಬೋಳುತಲಿ ಇದ್ದವರು ಈ ಕಡೆ, ಕೂದಲ ಇದ್ದವರು ಆ ಕಡೆ ಬರ್ರೀ ಸರ್" ಎಂದಳು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಗೌಡನಿಗೆ ಕೂದಲಿನ ಮೇಲೆ ಮೊದಲಿಂದಲೂ ಅಭಿಮಾನ, ತಿಂಗಳಿಗೊಮ್ಮೆ ಕಪ್ಪು ಹಚ್ಚುತ್ತಿದ್ದ, ಮೀಸೆ ತಿರುವುತ್ತ ಆ ಕಡೆ ಹೋದ. ವೆಂಕೋಬ ತಲೆ ಸವರಿಕೊಂಡು ಈ ಕಡೆ ಬಂದ. ನನ್ನ ಪಕ್ಕದಲ್ಲಿದ್ದವರು ಗಾಬರಿಯಿಂದ ನನ್ನನ್ನು ಮೊಣಕೈಯಿಂದ ತಿವಿದರು. ನಾನು ಆಕಾಶ ನೋಡುತ್ತ ನಿಂತೆ.

ಆಟ ಅಂದರೆ ಆಟವಲ್ಲ, ಅರವತ್ತರ ಹತ್ತಿರದವರ ಓಲಾಟ. ಆದರೂ ಗೌಡನ ಕೈಗೆ ಚೆಂಡು ಬಂದಾಗ ಅವನು ಹಳೆಯ ಗೌಡನೇ. ನನ್ನನ್ನು ದಾಟಿ, ಇನ್ನಿಬ್ಬರು ಬೋಳರನ್ನು ನೂಕಿ ಗೆರೆಯ ಕಡೆ ಹೊರಟ. ಅಡ್ಡ ಬಂದವನು ವೆಂಕೋಬ. ಅವನು ಪಕ್ಕಕ್ಕೆ ಸರಿಯುತ್ತಾನೆಂದು ಎಲ್ಲರೂ ಎಣಿಸಿದ್ದರು. ಸರಿಯಲಿಲ್ಲ. ಸೊಂಟಕ್ಕೆ ತೆಕ್ಕೆಹಾಕಿ ಅಷ್ಟು ದೊಡ್ಡ ಆಳನ್ನು ಕೆಡವಿಯೇಬಿಟ್ಟ, ತಾನು ಹೇಗೋ ಮಂಡಿಯೂರಿ ಉಳಿದುಕೊಂಡ. ವೆಂಕೋಬ ಎದ್ದು ನಿಂತು ಕೈ ಚಾಚಿದ.

ಗೌಡ ಕೈ ನೋಡಿದ, ಮುಖ ಆಚೆ ತಿರುಗಿಸಿದ. "ಅವನ ಕೈ ನಾ ಹಿಡಿಯಂಗಿಲ್ಲ."

ನಾನು ಓಡಿದೆ. "ಹಂಗಾರ ನನ್ನ ಕೈ ಹಿಡಿ ಬಾ, ಮಲ್ಲಣ್ಣ."

"ನಿನ್ನ ಕೈನೂ ಹಿಡಿಯಂಗಿಲ್ಲ. ಕೆಡವಿದವನ ಎಬ್ಬಸಬೇಕು. ನಿಯಮ ಐತಿ."

"ಮತ್ತ ಏನ್ ಮಾಡಾಂವ?"

"ಇಲ್ಲೇ ಇರ್ತೀನಿ. ಆಟ ನಿಲ್ಲಸಬ್ಯಾಡ್ರಿ."

ಇಂಥ ಹಟಮಾರಿಯ ಜೊತೆ ಏನು ಮಾಡುವುದು? ಅವನ ಸುತ್ತ ಆಟ ನಡೆಯಿತು. ಅವನನ್ನು ಸುತ್ತುಬಳಸಿ ಓಡಿದೆವು. ವಿರಾಮದಲ್ಲಿ ರುಕ್ಸಾನಾ ಮಲಗಿದ್ದವನ ಬಾಯಿಗೆ ಮಂಡಕ್ಕಿ ಹಾಕಿದಳು, ಯಾರೋ ಮುಖಕ್ಕೆ ಕೊಡೆ ಹಿಡಿದರು. ಅವನ ತಮ್ಮ ಬಂದು ಬೈದು ಹೋದ. ಬೋಳರು ಗೆದ್ದರು. ಬಹುಮಾನ ಹಂಚಿದರು, ಭಾಷಣ ಆಯಿತು, ನಾನು ಬರೆದ ಚರಿತ್ರೆಯನ್ನು ಕುಲಪತಿಗಳು ಬಿಡುಗಡೆ ಮಾಡಿದರು, ಕಲ್ಲಿನ ನಡುವೆ ಮಲಗಿದ್ದ ಗೌಡ ಅಲ್ಲಿಂದಲೇ ಚಪ್ಪಾಳೆ ತಟ್ಟಿದ. ಬಿಸಿಲು ಇಳಿಯುತ್ತ ಬಂತು, ಜನ ಒಬ್ಬೊಬ್ಬರೇ ಕರಗಿದರು. ಅವನ ಪಕ್ಕದಲ್ಲಿ ವೆಂಕೋಬ ಮೊದಲಿನಿಂದಲೂ ನಿಂತೇ ಇದ್ದ, ಆಗೊಮ್ಮೆ ಈಗೊಮ್ಮೆ ಕೈ ಚಾಚುತ್ತ. ನಾನು ಸ್ವಲ್ಪ ದೂರದಲ್ಲಿ ಕಲ್ಲಿನ ಮೇಲೆ ಕೂತಿದ್ದೆ. ಬೆಳಗಾದರೆ ಬಸ್ಸು.

ಆಗ ವೆಂಕೋಬ ಸುತ್ತ ಒಂದು ಸಲ ನೋಡಿದ. ಕಾಲಲ್ಲಿ ಒಂದೆರಡು ಕಲ್ಲು ಸರಿಸಿದ. ಮೆಲ್ಲಗೆ ಕೂತು, ಪಂಚೆ ಸರಿಮಾಡಿಕೊಂಡು, ಗೌಡನ ಪಕ್ಕದಲ್ಲಿ ನೆಲಕ್ಕೆ ಬೆನ್ನುಹಚ್ಚಿ ಮಲಗಿಬಿಟ್ಟ. ನಮ್ಮ ಊರಿನಲ್ಲಿ ಬುದ್ಧಿ ಇದ್ದವರು ಯಾರೂ ಬೇಕೆಂದು ಹಾಗೆ ಮಲಗಿದ್ದನ್ನು ನಾನು ಕಂಡಿಲ್ಲ.

"ಏನಲೇ ಇದು?" ಗೌಡ ಚೀರಿದ. ಅವನ ಬಾಯಿಂದ ಮೂವತ್ತು ವರ್ಷಗಳ ಮೇಲೆ ವೆಂಕೋಬನಿಗೆ ಬಂದ ಮೊದಲ ಮಾತು ಅದು.

"ನಿಂತು ನಿಂತು ಕಾಲು ಸೋತವು. ಈಗ ನೀ ನನ್ನ ಕೈ ಹಿಡಿಯೋ ಪ್ರಶ್ನೆ ಇಲ್ಲ. ನನಗ ಎಬ್ಬಸಲಿಕ್ಕೂ ಬರೂದಿಲ್ಲ."

"ನೆಲ ತಂಪೈತಿ. ನಿನಗ ಮೊದಲ ಕೆಮ್ಮು."

"ನೆನಪದ ಏನು ನಿನಗ?"

ಗೌಡ ತಲೆಯ ಬಳಿಯ ಕಲ್ಲೊಂದನ್ನು ಹೆಕ್ಕಿ ದೂರ ಎಸೆದ. ಆಮೇಲೆ ಆಕಾಶಕ್ಕೇ ಹೇಳುವವನ ಹಾಗೆ, "ಆ ಹುಡುಗ ಅಷ್ಟ ಯಾಕ ಚೀರಿದ್ನಲೇ?" ಎಂದ.

"ನೀ ಈಗ ಮಲಗೀಯಲ್ಲ. ಹೆಂಗನ್ನಸ್ತದ?"

"ಯಾರೂ ಬರಂಗಿಲ್ಲೇನೋ ಅನ್ನಸ್ತೈತಿ."

"ಅದಕ್ಕ ಚೀರಿದ."

ನಾನು ಎದ್ದು ಹತ್ತಿರ ಹೋಗಿ ಕೈ ಮುಂದೆ ಮಾಡಿದೆ. "ತಡಿಯೋ ದತ್ಯಾ, ಒಂದಿಷ್ಟು ಮಾತಾಡಾಕತ್ತೀವಿ" ಎಂದು ಗೌಡ ನನ್ನನ್ನೇ ಗದರಿದ. ಮತ್ತೆ ಹೋಗಿ ಕಲ್ಲಿನ ಮೇಲೆ ಕೂತೆ. ಅವರು ಶಾರದೆಯ ಹಾಡಿನ ಬಗ್ಗೆ ಮಾತಾಡಿದರು. ಮದುವೆಯ ದಿನ ತಾನು ಛತ್ರದ ಹೊರಗೆ ರಸ್ತೆಯಲ್ಲಿ ನಿಂತು ಅವಳ ಹಾಡು ಕೇಳಿ ವಾಪಸು ಹೋದದ್ದನ್ನು ಗೌಡ ಹೇಳಿದ. ವೆಂಕೋಬ ಅಳುತ್ತಿದ್ದಾನೆಂದು ನನಗೆ ದೂರದಿಂದಲೇ ತಿಳಿಯಿತು. ಒಬ್ಬರ ಮುಖ ಒಬ್ಬರು ನೋಡದೆ, ಇಬ್ಬರೂ ಮೇಲೆ ನೋಡುತ್ತ ಮಾತಾಡುತ್ತಿದ್ದರು.

ದೀಪ ಹಚ್ಚುವ ಹೊತ್ತಿಗೆ ಗೌಡ ನನ್ನನ್ನು ಕರೆದ. ನಾನು ಮೊದಲು ಅವನಿಗೇ ಕೈ ನೀಡಿದೆ, ದೊಡ್ಡ ಆಳು, ಅವನದೇ ಕಷ್ಟ ಎಂದು. ಅವನು ತಲೆ ಅಲ್ಲಾಡಿಸಿದ.

"ಮೊದಲ ಅವನ್ನ ಎಬ್ಬಸು. ಆಮ್ಯಾಲೆ ಅವ ನನ್ನ ಎಬ್ಬಸ್ತಾನ."

ನಾನು ವೆಂಕೋಬನನ್ನು ಎಬ್ಬಿಸಿದೆ. ವೆಂಕೋಬ ಅಂಗೈಯನ್ನು ಪಂಚೆಗೆ ಒರೆಸಿಕೊಂಡು ಚಾಚಿದ. ಗೌಡ ಹಿಡಿದ. ಎದ್ದು ನಿಂತಮೇಲೂ ಕೈ ಬಿಡಲಿಲ್ಲ. ತನ್ನ ಬೆನ್ನಿನ ಕಲ್ಲುಪುಡಿಯನ್ನು ವೆಂಕೋಬ ಕೊಡವುತ್ತಿರುವಾಗ ಗೌಡ ನನ್ನ ಕಡೆ ತಿರುಗಿ, ಕ್ಲಾಸಿನಲ್ಲಿ ಪಾಠ ಹೇಳುವ ದನಿಯಲ್ಲಿ, "ನನ್ನ ಕ್ವಾಣ್ಯಾಗ ಮಂಚ ಒಂದ ಐತಿ, ದತ್ಯಾ. ಇನ್ನೊಂದು ತಗೋಬೇಕು. ಅಂಗಡಿ ಮುಚ್ಚೋದ್ರಾಗ ನಡೀರಿ" ಎಂದ.